ನಾಲ್ಕು ಜನ, ಮೂರು ದ್ವೀಪ: ಬೆಂಗಳೂರಿನಿಂದ ಅಂಡಮಾನ್‌ಗೆ ಕಡಿಮೆ ಖರ್ಚಿನ ಪ್ರವಾಸ

ಬೆಂಗಳೂರಿನ ಯಾವ ಸ್ನೇಹಿತರ ಗುಂಪು ನೋಡಿದರೂ ಒಂದು ಪ್ರವಾಸ ವರ್ಷಗಟ್ಟಲೆ ವಾಟ್ಸಾಪ್‌ನಲ್ಲೇ ನಡೆಯುತ್ತಿರುತ್ತದೆ. ಒಬ್ಬನಿಗೆ ರಜೆ ಇಲ್ಲ, ಇನ್ನೊಬ್ಬಳ ಮನೆಯಲ್ಲಿ ಮದುವೆ, ಮತ್ತೊಬ್ಬ ಎಲ್ಲ ಮೆಸೇಜಿಗೂ ಥಂಬ್ಸ್ ಅಪ್ ಒತ್ತಿ ಮಾಯ. ಕೊನೆಗೆ ನಂದಿಬೆಟ್ಟಕ್ಕೆ ಹೋಗಿ ತಿಂಡಿ ತಿಂದು ವಾಪಸ್. ಈ ಸಲ ನಿಜವಾಗಿಯೂ ದ್ವೀಪ ಸುತ್ತಬೇಕು, ಆದರೆ ಸಾಲ ಮಾಡಬಾರದು ಅಂತಿದ್ದರೆ ಅಂಡಮಾನ್ ಒಳ್ಳೆಯ ಆಯ್ಕೆ. ಪಾಸ್‌ಪೋರ್ಟ್ ಬೇಡ, ಡಾಲರ್ ಬೇಡ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ನೇರ ವಿಮಾನ ಸಿಕ್ಕಿದರೆ ಮೂರು ಗಂಟೆಯೊಳಗೆ ಇಳಿಯಬಹುದು.

ಲಕ್ಷದ್ವೀಪ ಯಾಕಲ್ಲ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅಲ್ಲಿಗೆ ಭಾರತೀಯರಿಗೂ ಪರ್ಮಿಟ್ ಬೇಕು, ಉಳಿಯಲು ಜಾಗ ಕಡಿಮೆ, ನಮಗೆ ಬೇಕಾದ ಹಾಗೆ ದ್ವೀಪದಿಂದ ದ್ವೀಪಕ್ಕೆ ಹಾರುವುದು ಸುಲಭವಲ್ಲ. ಅಂಡಮಾನ್‌ನಲ್ಲಿ ವಿಮಾನ ಇಳಿಯುವ ಊರು ಪೋರ್ಟ್ ಬ್ಲೇರ್, ಅಲ್ಲಿಂದ ದೋಣಿಯಲ್ಲಿ ಹೋಗುವ ಹ್ಯಾವ್‌ಲಾಕ್, ನೀಲ್ ದ್ವೀಪಗಳು, ಈ ಮೂರಕ್ಕೂ ನಮಗೆ ಪರ್ಮಿಟ್ ಬೇಕಿಲ್ಲ. ಆಧಾರ್‌ನಂಥ ಒಂದು ಗುರುತಿನ ಚೀಟಿ ಸಾಕು.

ಹೆಸರಿನ ವಿಷಯ ಈಗಲೇ ಹೇಳಿಬಿಡುತ್ತೇನೆ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಹುಡುಕುವಾಗ ಒಂದು ಹೆಸರಿನಲ್ಲಿ ಏನೂ ಕಾಣಿಸದಿದ್ದರೆ ಇನ್ನೊಂದರಲ್ಲಿ ನೋಡಿ. ಜನ ಇನ್ನೂ ಹಳೆಯ ಹೆಸರುಗಳನ್ನೇ ಹೇಳುತ್ತಾರೆ, ನಾನೂ ಇಲ್ಲಿ ಅದನ್ನೇ ಬರೆಯುತ್ತೇನೆ.

ಮೊದಲು ಜನ, ಆಮೇಲೆ ದಿನಾಂಕ

ಜೋಡಿ ಸಂಖ್ಯೆಯಲ್ಲಿ ಹೋಗಿ. ನಾಲ್ಕು ಜನ ಸರಿಯಾದ ಲೆಕ್ಕ. ರೂಮು ಇಬ್ಬರಿಗೊಂದು, ಸ್ಕೂಟರ್ ಇಬ್ಬರಿಗೊಂದು, ಟ್ಯಾಕ್ಸಿಗೆ ಒಂದೇ ಸವಾರಿ. ಐದನೆಯವರು ಬಂದರೆ ರೂಮಿಗೆ ಎಕ್ಸ್‌ಟ್ರಾ ಬೆಡ್, ಸ್ಕೂಟರ್ ಇನ್ನೊಂದು, ಟ್ಯಾಕ್ಸಿ ಇನ್ನೊಂದು. ಬಂದರೆ ಆರನೆಯವರನ್ನೂ ಎಳೆದುಕೊಂಡು ಬನ್ನಿ.

ಬರುತ್ತೇನೆ ಅಂದವರೆಲ್ಲ ಬರುವುದಿಲ್ಲ. ಹಾಗಾಗಿ ದಿನಾಂಕ ಚರ್ಚೆಗೆ ಇಡುವ ಮೊದಲೇ ತಲೆಗೆ ಐದು ಸಾವಿರ ಒಬ್ಬರ ಖಾತೆಗೆ ಹಾಕಿಸಿ. ದುಡ್ಡು ಹಾಕಿದವರು ಮಾತ್ರ ದಿನಾಂಕದ ಬಗ್ಗೆ ಮಾತಾಡಬೇಕು. ಒರಟು ಅನ್ನಿಸಬಹುದು, ಆದರೆ ಅರ್ಧ ತಲೆನೋವು ಇಲ್ಲೇ ಮುಗಿಯುತ್ತದೆ.

ಸಮುದ್ರ ಶಾಂತವಾಗಿರುವುದು ಹೆಚ್ಚು ಕಡಿಮೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಅದರಲ್ಲೂ ಕ್ರಿಸ್‌ಮಸ್, ಹೊಸ ವರ್ಷದ ವಾರಗಳನ್ನು ಬಿಟ್ಟುಬಿಡಿ, ಎಲ್ಲದರ ಬೆಲೆ ಆಕಾಶಕ್ಕೆ ಏರಿರುತ್ತದೆ. ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ದಿನಗಳು ಚೆನ್ನ. ಮಳೆಗಾಲದಲ್ಲಿ ರೂಮು ಅಗ್ಗ, ನಿಜ. ಆದರೆ ಗಾಳಿ ಎದ್ದರೆ ದ್ವೀಪಗಳ ನಡುವೆ ಜನರನ್ನು ಸಾಗಿಸುವ ದೋಣಿ, ಅಂದರೆ ಫೆರ್ರಿ, ನಿಲ್ಲಿಸುತ್ತಾರೆ. ಉಳಿಸಿದ ದುಡ್ಡು ಇನ್ನೊಂದು ರಾತ್ರಿಯ ರೂಮಿಗೂ ಹೊಸ ವಿಮಾನದ ಟಿಕೆಟ್ಟಿಗೂ ಹೋಗುತ್ತದೆ.

ತಿಂಗಳು ಗೊತ್ತಾದ ಮೇಲೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ಯಾವಾಗ ಅಂತ ನೋಡಿ. ಮನೆಯವರು ‘ಅಮಾವಾಸ್ಯೆ ಹೊತ್ತಲ್ಲಿ ಪ್ರಯಾಣವಾ’ ಅನ್ನಬಹುದು. ಆದರೆ ಆ ದಿನಗಳ ಆಸುಪಾಸಿನಲ್ಲಿ ಸಮುದ್ರದ ಇಳಿತ ಜಾಸ್ತಿ. ನೀರು ದೂರ ಸರಿದು ಬಂಡೆಗಳ ನಡುವೆ ಓಡಾಡಲು ಸಿಗುತ್ತದೆ. ಜೊತೆಗೆ ಹ್ಯಾವ್‌ಲಾಕ್‌ನಲ್ಲಿ ರಾತ್ರಿ ಕಯಾಕ್ ಮಾಡಿದರೆ, ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುವುದು ಕಾಣಬಹುದು. ನೀರಿನಲ್ಲಿರುವ ಸೂಕ್ಷ್ಮ ಜೀವಿಗಳ ಬೆಳಕು ಅದು. ಬೆಳದಿಂಗಳಿದ್ದರೆ ಅಷ್ಟು ಕಾಣಿಸುವುದಿಲ್ಲ.

ರಜೆಯ ಲೆಕ್ಕ: ಆರು ರಾತ್ರಿ, ಏಳು ಹಗಲು. ಶನಿವಾರ ಹೊರಟು ಶುಕ್ರವಾರ ವಾಪಸ್ ಬಂದರೆ ಐದು ದಿನ ರಜೆ ಸಾಕು. ಶನಿವಾರ, ಭಾನುವಾರ ಮನೆಯಲ್ಲಿ ಬಟ್ಟೆ ಒಗೆದುಕೊಂಡು ಸೋಮವಾರ ಆಫೀಸಿಗೆ ಹೋಗಬಹುದು.

ಬುಕಿಂಗ್ ಈ ಕ್ರಮದಲ್ಲಿ

ಅಂಡಮಾನ್‌ನಲ್ಲಿ ದುಡ್ಡು ಉಳಿಯುವುದು ಅಗ್ಗದ ರೂಮಿನಿಂದಲ್ಲ, ದೋಣಿಗೆ ಹೊಂದಿಕೊಂಡು ಪ್ಲಾನ್ ಮಾಡುವುದರಿಂದ. ಹೆಚ್ಚಿನವರು ವಿಮಾನ ಬುಕ್ ಮಾಡಿ, ಆಮೇಲೆ ರೂಮು ಬುಕ್ ಮಾಡಿ, ಕೊನೆಗೆ ಫೆರ್ರಿ ನೋಡುತ್ತಾರೆ. ಅಷ್ಟರಲ್ಲಿ ಬೇಕಾದ ಹೊತ್ತಿನ ಸೀಟು ಇರುವುದಿಲ್ಲ. ಆಗ ಸಿಕ್ಕಿದ ದೋಣಿಗೆ ತಕ್ಕಂತೆ ರೂಮು ಬದಲಾಯಿಸಿ ನಷ್ಟ ಮಾಡಿಕೊಳ್ಳುತ್ತಾರೆ.

ಹೀಗೆ ಮಾಡಿ. ವಿಮಾನದ ದರ ನೋಡಿ, ಇನ್ನೂ ಬುಕ್ ಮಾಡಬೇಡಿ. ಅದೇ ದಿನಗಳಿಗೆ ಫೆರ್ರಿ ಸಮಯ ನೋಡಿ. ಎರಡೂ ಹೊಂದಿದರೆ ಒಂದೇ ಕೂತಲ್ಲಿ ವಿಮಾನ, ಫೆರ್ರಿ ಎರಡನ್ನೂ ಮುಗಿಸಿ. ರೂಮು ಕೊನೆಗೆ. ಅದೂ ಉಚಿತವಾಗಿ ರದ್ದು ಮಾಡುವ ಅವಕಾಶ ಇರುವಂಥದ್ದು.

ದಾರಿ ಹೀಗಿರಲಿ: ಪೋರ್ಟ್ ಬ್ಲೇರ್, ಅಲ್ಲಿಂದ ಹ್ಯಾವ್‌ಲಾಕ್, ಹ್ಯಾವ್‌ಲಾಕ್‌ನಿಂದ ನೇರ ನೀಲ್, ನೀಲ್‌ನಿಂದ ಪೋರ್ಟ್ ಬ್ಲೇರ್. ತ್ರಿಕೋನದ ಹಾಗೆ. ಪ್ರತಿ ಸಲ ಪೋರ್ಟ್ ಬ್ಲೇರ್‌ಗೆ ಬಂದು ಹೋದರೆ ಒಂದು ಟಿಕೆಟ್ಟು, ಅರ್ಧ ದಿನ ಎರಡೂ ದಂಡ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ಮೂರು ರಾತ್ರಿ ಹ್ಯಾವ್‌ಲಾಕ್, ಒಂದು ರಾತ್ರಿ ನೀಲ್, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್.

ಈ ಕೊನೆಯ ರಾತ್ರಿಯನ್ನು ಯಾರು ಏನೇ ಹೇಳಿದರೂ ಬಿಡಬೇಡಿ. ‘ಬೆಳಗ್ಗೆ ನೀಲ್‌ನಿಂದ ಫೆರ್ರಿ, ಮಧ್ಯಾಹ್ನ ವಿಮಾನ, ಒಂದು ರಾತ್ರಿ ರೂಮು ಉಳಿಯಿತಲ್ಲ’ ಅಂತ ಗುಂಪಿನಲ್ಲಿ ಒಬ್ಬರಾದರೂ ಜಾಣತನ ತೋರಿಸುತ್ತಾರೆ. ಸಮುದ್ರ ಕೆಟ್ಟರೆ ದೋಣಿ ಬರುವುದಿಲ್ಲ, ವಿಮಾನ ಕಾಯುವುದಿಲ್ಲ. ಎರಡನೆಯ ಕಾರಣ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು. ನೀರಿನಾಳಕ್ಕೆ ಇಳಿದು ಬಂದ ಮೇಲೆ ತಕ್ಷಣ ವಿಮಾನ ಹತ್ತಬಾರದು. ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಸಲ ಇಳಿದಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ಒತ್ತಡದಲ್ಲಿ ಮೈಯೊಳಗೆ ಸೇರಿದ ಸಾರಜನಕ ಹೊರಹೋಗಲು ಅಷ್ಟು ಹೊತ್ತು ಬೇಕು.

ಸರ್ಕಾರಿ ದೋಣಿಯೋ, ಖಾಸಗಿಯೋ?

ಸರ್ಕಾರಿ ಫೆರ್ರಿಗಳು ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತವೆ. ಮಕ್ರುಜ್, ನಾಟಿಕಾ, ಗ್ರೀನ್ ಓಷನ್‌ನಂಥ ಖಾಸಗಿ ದೋಣಿಗಳು ಹ್ಯಾಡೊ ಕಡೆಯಿಂದ. ಎರಡೂ ಬೇರೆ ಬೇರೆ ಜಾಗ, ಆಟೋದವರಿಗೆ ಸರಿಯಾಗಿ ಹೇಳಿ. ಖಾಸಗಿ ವೇಗದ ದೋಣಿಯಲ್ಲಿ ಹ್ಯಾವ್‌ಲಾಕ್‌ಗೆ ಒಂದೂವರೆಯಿಂದ ಎರಡು ಗಂಟೆ. ಸರ್ಕಾರಿ ಫೆರ್ರಿ ಇನ್ನೂ ಸ್ವಲ್ಪ ನಿಧಾನ, ಆದರೆ ದರ ಅದರ ಮುಂದೆ ಏನೂ ಅಲ್ಲ.

ಸರ್ಕಾರಿ ಟಿಕೆಟ್ ಆನ್‌ಲೈನ್‌ನಲ್ಲೂ ಸಿಗುತ್ತದೆ. ಆದರೆ ಹೊರಡುವುದಕ್ಕೆ ಕೆಲವೇ ದಿನ ಮೊದಲು ಬುಕಿಂಗ್ ತೆರೆಯುತ್ತದೆ, ಬೇಗ ಖಾಲಿಯಾಗುತ್ತದೆ. ಆ ದೋಣಿ ದ್ವೀಪದ ಜನರಿಗೆ ನಮ್ಮ ಬಿಎಂಟಿಸಿ ಬಸ್ಸಿದ್ದ ಹಾಗೆ. ಆಸ್ಪತ್ರೆಗೆ ಹೋಗುವವರು, ಕಾಲೇಜಿನ ಮಕ್ಕಳು, ತರಕಾರಿ ಮೂಟೆ ಎಲ್ಲ ಅದರಲ್ಲೇ. ಅವರಿಗೆ ಮೊದಲ ಜಾಗ ಸಿಗುವುದು ನ್ಯಾಯವೇ ಅಲ್ವಾ? ನನ್ನ ಸಲಹೆ: ಹೋಗುವಾಗ ಖಾಸಗಿ ದೋಣಿ ಖಚಿತ ಮಾಡಿಕೊಳ್ಳಿ. ಹ್ಯಾವ್‌ಲಾಕ್‌ನಿಂದ ನೀಲ್‌ಗೆ ಸುಮಾರು ಒಂದು ಗಂಟೆಯ ದಾರಿ, ಅಲ್ಲಿ ಸರ್ಕಾರಿ ದೋಣಿಗೆ ಪ್ರಯತ್ನಿಸಿ. ಸಿಗದಿದ್ದರೂ ದೊಡ್ಡ ನಷ್ಟವಿಲ್ಲ.

ವಾಂತಿಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ವೇಗದ ದೋಣಿಗಳು ಹೆಚ್ಚಾಗಿ ಮುಚ್ಚಿದ ಏಸಿ ಹಾಲ್‌ಗಳು, ಹೊರಗೆ ಗಾಳಿಗೆ ನಿಲ್ಲಲು ಆಗುವುದಿಲ್ಲ. ಹೊರಟ ಸ್ವಲ್ಪ ಹೊತ್ತು ಎಲ್ಲರೂ ಸೆಲ್ಫಿ ತೆಗೆಯುತ್ತಾರೆ. ಬಂದರು ದಾಟಿ ತೆರೆದ ಸಮುದ್ರಕ್ಕೆ ಬರುತ್ತಿದ್ದಂತೆ ಫೋನುಗಳು ಜೇಬಿಗೆ ಹೋಗುತ್ತವೆ, ಮಾತು ನಿಲ್ಲುತ್ತದೆ, ಸಿಬ್ಬಂದಿ ಸಾಲಿನಿಂದ ಸಾಲಿಗೆ ಕವರ್ ಹಿಡಿದು ಓಡಾಡಲು ಶುರು ಮಾಡುತ್ತಾರೆ. ಘಾಟಿ ರಸ್ತೆಯಲ್ಲೇ ತಲೆ ತಿರುಗುವವರು ಬೆಂಗಳೂರಿನಲ್ಲೇ ಡಾಕ್ಟರನ್ನು ಕೇಳಿ ಮಾತ್ರೆ ತಂದುಕೊಳ್ಳಿ, ಹೊರಡುವ ಅರ್ಧ–ಒಂದು ಗಂಟೆ ಮೊದಲು ನುಂಗಿ. ಹೊಟ್ಟೆ ತುಂಬಾ ತಿನ್ನಬೇಡಿ, ಪೂರ್ತಿ ಖಾಲಿಯೂ ಬೇಡ. ಎರಡು ಇಡ್ಲಿ ಸಾಕು. ಕಿಟಕಿಯಿಂದ ದೂರದ ದಿಗಂತ ನೋಡುತ್ತಾ ಕೂತರೆ ಫೋನ್ ನೋಡುವುದಕ್ಕಿಂತ ಎಷ್ಟೋ ಮೇಲು. ಮಾತ್ರೆಯಿಂದ ನಿದ್ದೆ ಬರುತ್ತದೆ. ಇಳಿದ ಕೂಡಲೇ ಸ್ಕೂಟರ್ ಓಡಿಸುವ ಕೆಲಸ ನುಂಗದವರಿಗೆ ಬಿಡಿ.

ಖರ್ಚು ಎಷ್ಟು?

ಇದು ಅಂದಾಜು ಮಾತ್ರ, ಬುಕ್ ಮಾಡುವ ದಿನದ ದರ ನೋಡಿಕೊಳ್ಳಿ. ತಲೆಗೆ ವಿಮಾನ ಹೋಗಿಬರಲು 10ರಿಂದ 15 ಸಾವಿರ. ಮೂರು ಫೆರ್ರಿಗೆ ಖಾಸಗಿಯಾದರೆ ನಾಲ್ಕೈದು ಸಾವಿರ. ಇಬ್ಬರು ಹಂಚಿಕೊಂಡ ಸಾದಾ ರೂಮಿಗೆ ರಾತ್ರಿಗೆ ತಲಾ 700–1000. ಊಟ ತಿಂಡಿಗೆ ದಿನಕ್ಕೆ 600–800. ಸ್ಕೂಟರ್, ಆಟೋ, ಪ್ರವೇಶ ಶುಲ್ಕ ಸೇರಿ ಮೂರು ಸಾವಿರ. ಸ್ಕೂಬಾ ಮಾಡಿದರೆ ನಾಲ್ಕು ಸಾವಿರದ ಆಸುಪಾಸು. ಒಟ್ಟು 30–39 ಸಾವಿರ ಇಟ್ಟುಕೊಂಡರೆ ಕೈಕಟ್ಟಿ ಓಡಾಡಬೇಕಾಗಿಲ್ಲ. ಪ್ಯಾಕೇಜ್ ತೆಗೆದುಕೊಂಡರೆ ಸಣ್ಣ ದ್ವೀಪದಲ್ಲೂ ಏಸಿ ಕಾರು, ಕ್ಯಾಂಡಲ್ ಲೈಟ್ ಡಿನ್ನರ್ ಅಂತೆಲ್ಲ ಸೇರಿಸಿ ಮೂಗಿಗಿಂತ ಮೂಗುತಿ ಭಾರ ಮಾಡುತ್ತಾರೆ. ಅಪ್ಪ ಅಮ್ಮನ ಜೊತೆ ಹೋದರೆ ಅದು ಸರಿ. ಸ್ನೇಹಿತರಿಗೆ ಬೇಡ.

ಅಷ್ಟು ದುಡ್ಡು ಈಗ ಆಗುವುದಿಲ್ಲವಾ? ರಾತ್ರಿ ರೈಲು ಹತ್ತಿ ಮುರುಡೇಶ್ವರಕ್ಕೆ ಹೋಗಿ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ, ಅಲ್ಲೂ ಸ್ಕೂಬಾ ಇದೆ. ಬರುವಾಗ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ಮಾತ್ರ ಎರಡೂ ಬಂದ್.

ಬ್ಯಾಗಿನಲ್ಲಿ ಏನಿರಬೇಕು

ಜಾಸ್ತಿ ಏನೂ ಬೇಡ. ಜೆಟ್ಟಿಯಲ್ಲಿ ಬ್ಯಾಗು ನೀವೇ ಎತ್ತಬೇಕು, ಚಕ್ರದ ಸೂಟ್‌ಕೇಸ್‌ಗಿಂತ ಬೆನ್ನಿಗೆ ಹಾಕುವ ಬ್ಯಾಗ್ ವಾಸಿ. ಡ್ರೈವಿಂಗ್ ಲೈಸೆನ್ಸ್ ಮರೆಯಬೇಡಿ. ಹಿಂದೆ ಪಟ್ಟಿ ಇರುವ ಫ್ಲೋಟರ್ಸ್ ಚಪ್ಪಲಿ ಬೇಕೇ ಬೇಕು, ಹವಳದ ಚೂರು ಕಾಲಿಗೆ ಬ್ಲೇಡಿನ ಹಾಗೆ ತಾಗುತ್ತದೆ. ಸಂಜೆ ಬೀಚಿನಲ್ಲಿ ಮರಳು ನೊಣ ಕಚ್ಚುತ್ತದೆ, ಕೆರೆದರೆ ದಿನಗಟ್ಟಲೆ ಉರಿ. ಓಡೋಮಾಸ್‌ನಂಥ ಕ್ರೀಮು, ತುಂಬು ತೋಳಿನ ಒಂದು ಅಂಗಿ ಇರಲಿ.

ನಗದು ಒಯ್ಯಿರಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ, ಯುಪಿಐ ನಡೆಯುತ್ತದೆ. ಆದರೆ ಸಣ್ಣ ದ್ವೀಪಗಳಲ್ಲಿ ಸಿಗ್ನಲ್ ಯಾವಾಗ ಕೈಕೊಡುತ್ತದೆ ಹೇಳಲಾಗದು. ನಾಲ್ವರಲ್ಲಿ ಇಬ್ಬರ ಸಿಮ್ ಬೇರೆ ಬೇರೆ ಕಂಪನಿಯದಾಗಿದ್ದರೆ ಒಳ್ಳೆಯದು.

ಸಸ್ಯಾಹಾರಿಗಳು ಚಟ್ನಿಪುಡಿ, ನಿಪ್ಪಟ್ಟು ಕಟ್ಟಿಕೊಳ್ಳಿ. ಊಟ ಸಿಗುತ್ತದೆ, ಆದರೆ ಮೂರನೇ ದಿನ ಚಟ್ನಿಪುಡಿಗೆ ಮಾಂಸಾಹಾರಿಗಳೂ ಕೈಚಾಚುತ್ತಾರೆ.

ಹೊರಡುವ ದಿನ ಮತ್ತು ಪೋರ್ಟ್ ಬ್ಲೇರ್

ಬೆಳಗಿನ ಜಾವದ ವಿಮಾನಕ್ಕೆ ನಾಲ್ವರೂ ಒಂದೇ ಏರಿಯಾದವರಾದರೆ ಕ್ಯಾಬ್ ಹಂಚಿಕೊಳ್ಳಿ. ಇಲ್ಲದಿದ್ದರೆ ವಾಯುವಜ್ರ ಬಸ್. ಮೆಜೆಸ್ಟಿಕ್‌ನಿಂದ ಕೆಐಎ 9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ 8. ರಾತ್ರಿ ಹೊತ್ತು ಬಸ್ ಕಡಿಮೆ, ಒಂದು ಬಸ್ ಮೊದಲೇ ಹತ್ತಿ. ತಿಂಡಿ ಮನೆಯಿಂದಲೇ ತನ್ನಿ.

ಇಳಿದ ಕೂಡಲೇ ಒಂದು ವಿಷಯ ತಲೆಗೆ ಹಾಕಿಕೊಳ್ಳಿ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಗಡಿಯಾರ ಅದೇ, ಸೂರ್ಯ ಮಾತ್ರ ಒಂದು ಗಂಟೆ ಮುಂದೆ. ಡಿಸೆಂಬರ್‌ನಲ್ಲಿ ಐದು ಗಂಟೆ ದಾಟಿದರೆ ಸೂರ್ಯಾಸ್ತ. ಹತ್ತಕ್ಕೆ ಎದ್ದು ಹನ್ನೆರಡಕ್ಕೆ ಹೊರಡುವ ವೀಕೆಂಡ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಐದಕ್ಕೆ ಎದ್ದರೆ ದಿನ ಉದ್ದ.

ಮೊದಲ ದಿನ ಸೆಲ್ಯುಲರ್ ಜೈಲು ನೋಡಿ. ಕರಿನೀರಿನ ಶಿಕ್ಷೆ ಅಂತ ಅಜ್ಜಂದಿರು ಹೇಳುತ್ತಿದ್ದದ್ದು ಇದನ್ನೇ. 1906ರಲ್ಲಿ ಕಟ್ಟಿ ಮುಗಿದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಒಂದು ಕೋಣೆಯೊಳಗೆ ಹೋಗಿ ನಿಲ್ಲಿ. ಕಿಟಕಿ ತಲೆಗಿಂತ ಎಷ್ಟೋ ಮೇಲೆ. ಎದುರಿಗೆ ಕಾಣುವುದು ಮುಂದಿನ ಸಾಲಿನ ಬೆನ್ನು, ಇನ್ನೊಬ್ಬ ಕೈದಿಯ ಮುಖವೂ ಕಾಣದಂತೆ ಕಟ್ಟಿದ್ದಾರೆ. ಸಂಜೆಯ ಬೆಳಕು–ಧ್ವನಿ ಕಾರ್ಯಕ್ರಮಕ್ಕೆ ಟಿಕೆಟ್ ಬೇರೆ. ರಾತ್ರಿ ಅಬರ್ಡೀನ್ ಬಜಾರಿನಲ್ಲಿ ಊಟ. ಹಿಂದಿ, ಬಂಗಾಳಿ, ತಮಿಳು, ತೆಲುಗು ಎಲ್ಲ ಕಿವಿಗೆ ಬೀಳುತ್ತದೆ, ನಮ್ಮ ಬೆಂಗಳೂರು ಹಿಂದಿ ಧಾರಾಳ ಸಾಕು.

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗೆ ಬರುತ್ತೀರಾ ಅಂತ ಟ್ಯಾಕ್ಸಿಯವರು ಕೇಳುತ್ತಾರೆ. ಆ ರಸ್ತೆ ಜಾರವಾ ಆದಿವಾಸಿ ಜನರ ಮೀಸಲು ಕಾಡಿನ ನಡುವೆ ಹೋಗುತ್ತದೆ. ಗಾಡಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಅವರ ಪಾಡಿಗೆ ಅವರನ್ನು ಬಿಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಒಂದಿಡೀ ದಿನವೂ ಉಳಿಯುತ್ತದೆ.

ಹ್ಯಾವ್‌ಲಾಕ್: ಮೂರು ರಾತ್ರಿ

ಜೆಟ್ಟಿಯಿಂದ ಹೊರಬಂದರೆ ಸ್ಕೂಟರ್ ಬಾಡಿಗೆಯವರು ಸುತ್ತುವರಿಯುತ್ತಾರೆ. ದಿನಕ್ಕೆ ಐನೂರರ ಆಸುಪಾಸು. ಗಾಡಿ ತೆಗೆದುಕೊಳ್ಳುವ ಮೊದಲು ಅದರ ಸುತ್ತ ಫೋನ್‌ನಲ್ಲಿ ವಿಡಿಯೊ ತೆಗೆಯಿರಿ, ಹಳೆಯ ಗೀರುಗಳು ಕಾಣಲಿ. ಹೆಲ್ಮೆಟ್ ಕೇಳಿ ಪಡೆಯಿರಿ. ರೂಮು ಗೋವಿಂದ ನಗರ, ವಿಜಯ ನಗರದ ಕಡೆ ಹಿಡಿಯಿರಿ. (ಹೌದು, ಇಲ್ಲೂ ವಿಜಯ ನಗರ ಇದೆ, ಮೆಟ್ರೋ ಇಲ್ಲ.) ಸಮುದ್ರಕ್ಕೆ ಮುಖ ಮಾಡಿದ ರೂಮು ಬೇಡ, ರಸ್ತೆಯ ಇನ್ನೊಂದು ಬದಿಯದ್ದು ಅರ್ಧ ಬೆಲೆಗೆ ಸಿಗಬಹುದು.

ರಾಧಾನಗರ ಬೀಚ್ ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. 2020ರಲ್ಲಿ ನಮ್ಮ ಕಾಸರಕೋಡು, ಪಡುಬಿದ್ರಿ ಬೀಚುಗಳ ಜೊತೆಯಲ್ಲೇ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಬೀಚು ಇದು. ಎಲ್ಲರೂ ಸೂರ್ಯಾಸ್ತಕ್ಕೆ ಬರುತ್ತಾರೆ. ಒಂದು ದಿನ ನೀವೂ ಬನ್ನಿ. ಇನ್ನೊಂದು ದಿನ ಬೆಳಗ್ಗೆ ಬನ್ನಿ, ಅಷ್ಟು ಉದ್ದ ಬಿಳಿ ಮರಳು ಹೆಚ್ಚು ಕಡಿಮೆ ನಿಮಗೇ. ಎಚ್ಚರಿಕೆಯ ಬೋರ್ಡು ಇರುವಲ್ಲಿ ನೀರಿಗಿಳಿಯಬೇಡಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಬೋರ್ಡು ಸುಮ್ನೆ ಹಾಕಿಲ್ಲ.

ಎಲಿಫೆಂಟ್ ಬೀಚಿಗೆ ಜೆಟ್ಟಿಯಿಂದ ಬೋಟ್ ಇದೆ. ಕಾಡಿನೊಳಗೆ ಸುಮಾರು ಎರಡು ಕಿಲೋಮೀಟರ್ ನಡೆದೂ ಹೋಗಬಹುದು, ದಾರಿ ತೆರೆದಿದೆಯಾ ಅಂತ ಆ ಬೆಳಗ್ಗೆಯೇ ಕೇಳಿ. ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ಮೇಲೇ ತೇಲುತ್ತಾ ನೀರೊಳಗೆ ನೋಡುವುದು) ಅಲ್ಲಿ ಮಾಡಿ. ಹವಳದ ಮೇಲೆ ಕಾಲಿಡಬೇಡಿ, ಅದು ಕಲ್ಲಲ್ಲ, ಜೀವ.

ಒಂದೇ ಕಡೆ ದುಡ್ಡು ಸುರಿಯಬೇಕು ಅಂದರೆ ಸ್ಕೂಬಾಗೆ ಸುರಿಯಿರಿ. ಈಜು ಬರದಿದ್ದರೂ ಪರವಾಗಿಲ್ಲ. ಮೊದಲು ಆರೋಗ್ಯದ ಫಾರಂ ತುಂಬಿಸುತ್ತಾರೆ, ಆಸ್ತಮಾ, ಕಿವಿಯ ತೊಂದರೆ ಇದ್ದರೆ ಮುಚ್ಚಿಡಬೇಡಿ. ನೆಗಡಿ ಇದ್ದರೆ ಮುಂದೂಡಿ. ಆಳವಿಲ್ಲದ ನೀರಿನಲ್ಲಿ ಬಾಯಿಂದ ಉಸಿರಾಡುವುದು ಕಲಿಸುತ್ತಾರೆ. ಮಾಸ್ಕ್ ಮಂಜಾಗದಿರಲು ಒಳಗಾಜಿಗೆ ಎಂಜಲು ಸವರಿ ತೊಳೆಯಬೇಕು, ಅಸಹ್ಯ ಪಡಬೇಡಿ. ಕೆಳಗಿಳಿದಂತೆ ಕಿವಿ ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಟಪ್ ಅಂತ ಬಿಡುತ್ತದೆ. ಬಿಡದಿದ್ದರೆ ಸ್ವಲ್ಪ ಮೇಲೆ ಬನ್ನಿ, ಜೋರಾಗಿ ಊದಬೇಡಿ. ಇನ್ನೊಂದು ಮುಖ್ಯ ಮಾತು: ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತಲ್ಲ, ‘ಮೇಲೆ ಕರೆದುಕೊಂಡು ಹೋಗಿ’ ಅಂತ ಅರ್ಥ. ವಾಟ್ಸಾಪ್ ಅಭ್ಯಾಸದಲ್ಲಿ ಎತ್ತಿದರೆ ಸೀದಾ ಮೇಲೆ ತಂದು ಬಿಡುತ್ತಾರೆ. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ.

ಊಟಕ್ಕೆ ಬಜಾರಿನ ಸಣ್ಣ ಹೋಟೆಲುಗಳೇ ಸರಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ದ್ವೀಪ ಇದು. ಅನ್ನ, ಬೇಳೆ, ಮೀನಿನ ಸಾರು ಅವರ ಕೈಯಲ್ಲಿ ಚೆನ್ನಾಗಿ ಬರುತ್ತದೆ.

ನೀಲ್: ನಿಧಾನವಾಗಿ

ನೀಲ್ ಪುಟ್ಟದು, ಸೈಕಲ್ ಸಾಕು. ತೆಂಗು, ಅಡಿಕೆ, ತರಕಾರಿ ಹೊಲಗಳ ನಡುವೆ ಓಡಾಡುವಾಗ ಮಲೆನಾಡಿನ ಕಡೆ ಬಂದ ಹಾಗಿರುತ್ತದೆ. ಹಳ್ಳಿಗಳ ಹೆಸರು ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಸೂರ್ಯೋದಯಕ್ಕೆ ಸೀತಾಪುರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ, ನೀರಿಗಿಳಿಯಲು ಭರತಪುರ.

ಕಲ್ಲಿನ ಸೇತುವೆಯಂಥ ಬಂಡೆಯೊಂದಿದೆ. ಅದರ ಬುಡಕ್ಕೆ ಹೋಗಲು ಇಳಿತದ ಹೊತ್ತೇ ಆಗಬೇಕು. ಸಮಯ ಎಷ್ಟಕ್ಕೆ ಅಂತ ರೂಮಿನವರನ್ನು ಹಿಂದಿನ ರಾತ್ರಿಯೇ ಕೇಳಿ. ನೀರು ಹಿಂದೆ ಹೋದಾಗ ಬಂಡೆಯ ಗುಂಡಿಗಳಲ್ಲಿ ಸಣ್ಣ ಮೀನು, ಏಡಿ, ಕಪ್ಪು ಸೌತೆಕಾಯಿಯಂತೆ ಬಿದ್ದಿರುವ ಸಮುದ್ರ ಸೌತೆ, ಎಲ್ಲ ಕಾಣಸಿಗುತ್ತವೆ. ಮುಟ್ಟದೆ ನೋಡಿ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಫೋನ್ ಹಿಡಿದುಕೊಂಡು ನಡೆಯಬೇಡಿ.

ವಾಪಸ್

ನೀಲ್‌ನಿಂದ ಪೋರ್ಟ್ ಬ್ಲೇರ್‌ಗೆ ಮಧ್ಯಾಹ್ನದೊಳಗಿನ ಫೆರ್ರಿ ಹಿಡಿದರೆ ಸಂಜೆ ಕೈಯಲ್ಲಿರುತ್ತದೆ. ಬ್ಯಾಗ್ ಕಟ್ಟುವಾಗ ಎಲ್ಲರ ಜೇಬೂ ನೋಡಿ. ಬೀಚಿನಲ್ಲಿ ಆಯ್ದ ಸತ್ತ ಹವಳ, ಶಂಖ, ಚಿಪ್ಪು ಒಯ್ಯುವಂತಿಲ್ಲ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಾಣಿಸಿದರೆ ಬ್ಯಾಗ್ ತೆಗೆಸುತ್ತಾರೆ, ವನ್ಯಜೀವಿ ಕಾನೂನಿನ ಗೋಜಿಗೆ ಬೀಳಬಹುದು. ಅಂಗಡಿಯಲ್ಲಿ ಕೊಂಡ ಚಿಪ್ಪಿನ ಸಾಮಾನಾದರೆ ರಸೀದಿ ಜೊತೆಗಿರಲಿ.

ಒಟ್ಟು ಲೆಕ್ಕವನ್ನು ಅದೇ ರಾತ್ರಿ, ನಾಲ್ವರೂ ಒಂದೇ ರೂಮಿನಲ್ಲಿ ಕೂತಿರುವಾಗಲೇ ಮುಗಿಸಿ. ಯಾರು ಯಾರಿಗೆ ಎಷ್ಟು ಅಂತ ನೋಡಿ ಅಲ್ಲೇ ಯುಪಿಐ ಮಾಡಿಸಿ. ದೇವನಹಳ್ಳಿಯಲ್ಲಿ ಇಳಿದು ಆಫೀಸಿನ ಗಲಾಟೆ ಶುರುವಾದ ಮೇಲೆ ಆ ಮೆಸೇಜಿಗೂ ಥಂಬ್ಸ್ ಅಪ್ ಮಾತ್ರ ಬರುತ್ತದೆ, ದುಡ್ಡಲ್ಲ.